ಡಬ್ಬಿ ಮುಚ್ಚಿದ್ರೂ ಬಿಸಿ ಸುಳ್ಳು ಹೇಳಲ್ಲ

ಹೋದ ವಾರ ಜ್ವರ ಬಂದಿತ್ತು. ಫೋನ್‌ನಲ್ಲಿ ಅಮ್ಮನಿಗೆ 'ಆರಾಮಾಗಿದ್ದೀನಿ' ಅಂದಿದ್ದೆ. ಭಾನುವಾರ ಹಾಸನದಿಂದ ಬಸ್ ಹತ್ತಿ ಬಂದೇಬಿಟ್ಟಳು. ಬ್ಯಾಗ್ ಕೆಳಗಿಡುವ ಮೊದಲೇ ಹಣೆ ಮೇಲೆ ಕೈ. 'ಇದಾ ಆರಾಮು? ಕೆಂಡದ ಹಾಗೆ ಸುಡ್ತಿದೆ. ನನ್ನ ಹತ್ರಾನೇ ಸುಳ್ಳು ಹೇಳ್ತೀಯೇನೋ?'

ಗಂಜಿ ಕುಡಿದು ಮಲಗಿದಾಗ ಕಾಲೇಜಿನ ಫಿಸಿಕ್ಸ್ ಪಾಠ ನೆನಪಾಯ್ತು.

1903ರಲ್ಲಿ ಪ್ಯಾರಿಸ್‌ನ ಪಿಯರ್ ಕ್ಯೂರಿ ಮತ್ತು ಆಲ್ಬರ್ಟ್ ಲಬೋರ್ಡ್ ಒಂದು ವಿಚಿತ್ರ ಕಂಡರು. ರೇಡಿಯಂ ಯಾವಾಗಲೂ ತನ್ನ ಸುತ್ತಮುತ್ತಲಿಗಿಂತ ಬೆಚ್ಚಗೇ ಇರುತ್ತಿತ್ತು. ಅಳೆದರೆ, ಒಂದು ಗ್ರಾಂ ರೇಡಿಯಂನಿಂದ ಗಂಟೆಗೆ ಸುಮಾರು 100 ಕ್ಯಾಲೊರಿ ಶಾಖ. (ನಮ್ಮ ಡಯಟ್ ಆ್ಯಪ್‌ನ ಒಂದು ಕ್ಯಾಲೊರಿ ಇಂಥ 1000ಕ್ಕೆ ಸಮ!) ಒಂದು ಗ್ರಾಂ ಐಸ್ ಕರಗಿಸಲು 80 ಸಾಕು. ಅಂದ್ರೆ ಗಂಟೆಗೊಮ್ಮೆ ತನ್ನ ತೂಕಕ್ಕಿಂತ ಹೆಚ್ಚು ಐಸ್ ಕರಗಿಸುವಷ್ಟು ಬಿಸಿ. ಬೆಂಕಿಯೂ ಇಲ್ಲ, ಸೌದೆಯೂ ಇಲ್ಲ. ಪರಮಾಣುಗಳು ತಾವಾಗಿಯೇ ಒಡೆದಾಗ ಸಿಡಿಯುವ ಕಣಗಳು ಅಲ್ಲೇ ತಡೆದು ನಿಲ್ಲುತ್ತವೆ, ಅವುಗಳ ಶಕ್ತಿಯೇ ಶಾಖವಾಗುತ್ತದೆ.

ಇದು ಬರೀ ಹಳೇ ಪ್ರಯೋಗ ಅಲ್ಲ. ಇವತ್ತು ಪ್ಲುಟೋನಿಯಂ ಲೆಕ್ಕ ಇಡೋದಕ್ಕೂ ಇದೇ ದಾರಿ. ಒಂದು ಬಾಂಬ್‌ಗೆ ಸಾಕಾಗಬಹುದಾದ ಪ್ರಮಾಣ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇಟ್ಟುಕೊಂಡಿರುವ ಲೆಕ್ಕ 8 ಕೆಜಿ. ಹಾಗಾಗಿ ಒಂದೊಂದು ಗ್ರಾಂಗೂ ಲೆಕ್ಕ ಸಿಗಲೇಬೇಕು. ಆದರೆ ಸೀಲ್ ಮಾಡಿದ ಡಬ್ಬಿ ತೆರೆಯೋದು ಅಪಾಯ. ಹೊರಗಿನಿಂದ ವಿಕಿರಣ ಅಳೆಯೋಣ ಅಂದ್ರೆ, ಒಳಗಿನ ಭಾಗದ ವಿಕಿರಣವನ್ನು ಆ ಲೋಹವೇ ತಡೆದುಬಿಡುತ್ತೆ. ಶಾಖಕ್ಕೆ ಮಾತ್ರ ಅಡಗೋಕೆ ಜಾಗ ಇಲ್ಲ, ಹುಟ್ಟಿದ್ದೆಲ್ಲ ಹೊರಗೆ ಬರಲೇಬೇಕು. ಅದಕ್ಕೇ ಡಬ್ಬಿಯನ್ನು ಹಾಗೇ ಕ್ಯಾಲೊರಿಮೀಟರ್ ಒಳಗೆ ಇಡುತ್ತಾರೆ.

ಆದರೆ ಬಿಸಿ ಒಂದೇ ಸಾಲದು. ಪ್ಲುಟೋನಿಯಂ-238 ಗ್ರಾಂಗೆ ಅರ್ಧ ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಶಾಖ ಕೊಟ್ಟರೆ, ಪ್ಲುಟೋನಿಯಂ-239 ಕೊಡೋದು ಸುಮಾರು 2 ಮಿಲಿವ್ಯಾಟ್ ಅಷ್ಟೇ. ಯಾವುದು ಎಷ್ಟು ಪಾಲು ಬೆರೆತಿದೆ ಅಂತ ಗಾಮಾ ಕಿರಣಗಳಿಂದ ತಿಳಿದುಕೊಂಡರೆ, ಬಿಸಿ ನೋಡಿ ತೂಕ ಹೇಳಬಹುದು.

ಒಂದೇ ತೊಂದರೆ ಅಂದ್ರೆ ಆತುರ ನಡೆಯಲ್ಲ. ಡಬ್ಬಿಯ ಶಾಖ ಒಂದು ಹದಕ್ಕೆ ಬರಲು ಎಷ್ಟೋ ಸಲ ಗಂಟೆಗಟ್ಟಲೆ ಬೇಕು. ಅಲ್ಲಿಯವರೆಗೆ ಸುಮ್ಮನೆ ಕಾಯಬೇಕು.

ರಾತ್ರಿ ಎಚ್ಚರವಾದಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಥರ್ಮಾಮೀಟರ್ ಮೇಜಿನ ಮೇಲಿತ್ತು, ಅವಳ ಕೈ ನನ್ನ ಹಣೆ ಮೇಲೆ. 'ಈಗ ಇಳೀತಿದೆ, ಮಲ್ಕೋ' ಅಂದಳು.

ಈ ಸಲ 'ಆರಾಮಾಗಿದ್ದೀನಿ' ಅನ್ನೋಕೆ ಬಾಯಿ ಬರಲಿಲ್ಲ. 'ಇನ್ನೆರಡು ದಿನ ಇರಮ್ಮ' ಅಂದೆ.