ಬೆಲೆಯಿಲ್ಲದ ಮೀನಿನ ವೆಚ್ಚ

ಬೆಲೆಯಿರುವ ಸರಕಿನ ಲೆಕ್ಕವನ್ನು ಎಲ್ಲ ವ್ಯಾಪಾರಿಗಳೂ ಇಡುತ್ತಾರೆ. ಬೆಲೆಯಿಲ್ಲದ ಸರಕಿನ ಲೆಕ್ಕವನ್ನು ಇಡುವವರು ವಿರಳ. ಆದರೆ ಬೆಲೆಯಿಲ್ಲದ ಮಾತ್ರಕ್ಕೆ ಅದರಿಂದ ವೆಚ್ಚವೂ ಇಲ್ಲವೆಂದು ಭಾವಿಸುವುದು ದುಬಾರಿಯಾದ ತಪ್ಪು. ಇದಕ್ಕೆ ನಮ್ಮ ಕರಾವಳಿಯ ಒಂದು ಅಪ್ರಸಿದ್ಧ ಮೀನೇ ನಿದರ್ಶನ.

ಕೆಲವು ವರ್ಷಗಳ ಹಿಂದೆ, ಟ್ರಾಲ್ ಬೋಟುಗಳ ಮಾಲೀಕರಾದ ಕಕ್ಷಿದಾರರೊಬ್ಬರ ಲೆಕ್ಕ ಪರಿಶೋಧಿಸುತ್ತಿದ್ದಾಗ ‘ಬಲೆ ದುರಸ್ತಿ’ ಖಾತೆಯ ಖರ್ಚು ಹಿಂದಿನ ವರ್ಷಕ್ಕಿಂತ ಗಣನೀಯವಾಗಿ ಏರಿದ್ದು ಕಂಡಿತು. ವೋಚರುಗಳೆಲ್ಲ ಕ್ರಮವಾಗಿಯೇ ಇದ್ದವು. ಕಾರಣ ಕೇಳಿದಾಗ ಅವರು ಮರುಮಾತಾಡದೆ ನನ್ನನ್ನು ದಕ್ಕೆಗೆ ಕರೆದೊಯ್ದರು. ಅಲ್ಲಿ ಹರಡಿದ್ದ ಬಲೆಯ ಚೀಲದಲ್ಲಿ ಕತ್ತರಿಯಿಂದ ಕತ್ತರಿಸಿದಂತಹ ತೂತುಗಳಿದ್ದವು. ಪಕ್ಕದ ಬುಟ್ಟಿಯಲ್ಲಿ ಅರ್ಧ ಕಚ್ಚಿ ಬಿಟ್ಟ ಬೊಂಡಾಸ್ ಇತ್ತು. “ಇದು ಆ ಹೊಟ್ಟೆ ಊದಿಸುವ ಮೀನಿನ ಕೆಲಸ ಸಾರ್. ಅದನ್ನು ಕೊಳ್ಳುವವರಿಲ್ಲ, ಹಾಗಾಗಿ ಬರೆದಿಡುವವರೂ ಇಲ್ಲ” ಎಂದರು ತಾಂಡೇಲರು.

ಆ ಮೀನು ಪಫರ್ ಜಾತಿಗೆ ಸೇರಿದ್ದು. ವೈಜ್ಞಾನಿಕ ಹೆಸರು ಲ್ಯಾಗೊಸೆಫಾಲಸ್ ಇನರ್ಮಿಸ್. ಸಮುದ್ರದ ತಳಕ್ಕೆ ಸಮೀಪದಲ್ಲಿ ಬದುಕುವ ಇದಕ್ಕೆ 1850ರಲ್ಲಿ ಹೆಸರಿಟ್ಟವರು ಬೆನ್ನಿನ ಮೇಲೆ ಮುಳ್ಳಿಲ್ಲದ್ದನ್ನು ಕಂಡು ‘ನಿರಾಯುಧ’ ಎಂಬ ಅರ್ಥದ ಲ್ಯಾಟಿನ್ ಪದವನ್ನು ಆರಿಸಿದರು. ಆದರೆ ಗಿಳಿಯ ಕೊಕ್ಕಿನಂತೆ ಬೆಸೆದುಕೊಂಡ ಇದರ ನಾಲ್ಕು ಹಲ್ಲುಗಳ ಪರಿಚಯವಿದ್ದ ಯಾವ ಮೀನುಗಾರನೂ ಇದನ್ನು ನಿರಾಯುಧವೆನ್ನಲಾರ. ಕೇರಳ ಕರಾವಳಿಯಲ್ಲಿ ಈ ಮೀನು ಹೆಚ್ಚಿ, ಬಲೆಯೊಳಗಿನ ಬೊಂಡಾಸ್ ಹಾಗೂ ಕಪ್ಪೆ ಬೊಂಡಾಸ್‌ಗಳನ್ನು ಕಚ್ಚಿ ಹಾಳುಮಾಡುತ್ತಿರುವುದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. ಮಂಗಳೂರು, ಮಲ್ಪೆಗಳ ಬೋಟುಗಳೂ ಬಲೆ ಎಳೆಯುವುದು ಅದೇ ಅರಬ್ಬೀ ಸಮುದ್ರದಲ್ಲಿ.

ಇದರ ಹೆಚ್ಚಳಕ್ಕೆ ವಿಜ್ಞಾನಿಗಳು ಮುಂದಿಟ್ಟ ಸಂಭಾವ್ಯ ಕಾರಣ ಲೆಕ್ಕಿಗನಾದ ನನ್ನನ್ನು ಯೋಚನೆಗೆ ಹಚ್ಚಿತು. ಪಫರ್ ಮೀನನ್ನು ತಿನ್ನುವ ಕೋಬಿಯಾದಂತಹ ದೊಡ್ಡ ಮೀನುಗಳನ್ನು ನಾವು ಹಿಡಿದು ಕಡಿಮೆ ಮಾಡಿದ್ದೇವೆ. ಅವುಗಳ ಆಹಾರವಾಗಬೇಕಿದ್ದ ಮೀನು ಈಗ ನಮ್ಮ ಬಲೆಗೇ ಬಾಯಿ ಹಾಕುತ್ತಿದೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳವನ್ನೇ ಲಾಭವೆಂದು ಹಂಚಿಕೊಂಡ ಸಂಸ್ಥೆಗೆ ಬರುವ ಗತಿ ಇದು. ಅಂದು ದೊಡ್ಡ ಮೀನು ಮಾರಿ ಬಂದ ಹಣ ಜಮಾ ಆಯಿತು. ಅದರ ಖರ್ಚು ಇಂದು ‘ಬಲೆ ದುರಸ್ತಿ’ ಎಂಬ ಬೇರೊಂದು ಹೆಸರಿನಲ್ಲಿ ಬರುತ್ತಿದೆ. ಕಚ್ಚಿದ ಬೊಂಡಾಸ್‌ಗೆ ರಫ್ತಿನ ದರ್ಜೆ ಸಿಗದು. ಆದಾಯ ಕುಸಿದರೆ ಪಾಲಿನ ಮೇಲೆ ದುಡಿಯುವ ಕಾರ್ಮಿಕರಿಗೂ ನಷ್ಟವೇ.

ಈ ಮೀನನ್ನೇ ಏಕೆ ಮಾರಬಾರದು, ಜಪಾನಿನಲ್ಲಿ ಇದರ ಬಳಗಕ್ಕೆ ಒಳ್ಳೆಯ ಬೆಲೆಯಿದೆಯಲ್ಲವೇ ಎಂದು ಕೆಲವು ವ್ಯಾಪಾರಿ ಮಿತ್ರರು ಕೇಳುವುದುಂಟು. ಪ್ರಶ್ನೆ ಸಹಜವಾದರೂ ಉತ್ತರ ಸುಲಭವಲ್ಲ. ಪಫರ್ ಮೀನುಗಳ ಅಂಗಾಂಗಗಳಲ್ಲಿ, ವಿಶೇಷವಾಗಿ ಪಿತ್ತಜನಕಾಂಗ ಮತ್ತು ಅಂಡಾಶಯಗಳಲ್ಲಿ, ಟೆಟ್ರೊಡೊಟಾಕ್ಸಿನ್ ಎಂಬ ವಿಷವಿರುತ್ತದೆ. ಬೇಯಿಸಿದರೂ ಅದು ನಾಶವಾಗದು, ಅದಕ್ಕೆ ಪ್ರತಿವಿಷವಿಲ್ಲ. ಜಪಾನಿನಲ್ಲಿಯೂ ಇದನ್ನು ಕಂಡಕಂಡವರು ಕೊಯ್ಯುವಂತಿಲ್ಲ. ಟೋಕಿಯೋ ನಗರಾಡಳಿತವು 1949ರಲ್ಲೇ ಇದಕ್ಕಾಗಿ ಪ್ರತ್ಯೇಕ ಕಟ್ಟಳೆ ರಚಿಸಿತು. ಯುರೋಪ್ ಒಕ್ಕೂಟವು 2004ರ ಆಹಾರ ನೈರ್ಮಲ್ಯ ನಿಯಮದಲ್ಲಿ ಈ ಇಡೀ ಕುಟುಂಬದ ಮೀನುಗಳ ಮಾರಾಟವನ್ನು ನಿಷೇಧಿಸಿದೆ. 2007ರಲ್ಲಿ ಚೀನಾದಿಂದ ‘ಮಾಂಕ್ ಮೀನು’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂದ ಸರಕಿನಲ್ಲಿ ಪಫರ್ ಮೀನು ಸೇರಿತ್ತು. ಅದನ್ನು ತಿಂದ ಷಿಕಾಗೋದ ಇಬ್ಬರು ಅಸ್ವಸ್ಥರಾಗಿ, ಸರಕನ್ನು ಹಿಂಪಡೆಯಬೇಕಾಯಿತು. ತಲೆ, ಚರ್ಮ ತೆಗೆದ ಮೇಲೆ ಮೀನಿನ ಗುರುತು ಹೇಳುವುದು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಒಂದು ಪೆಟ್ಟಿಗೆಯ ತಪ್ಪಿಗೆ ಇಡೀ ಬಂದರಿನ ರಫ್ತು ದಂಡ ತೆರಬೇಕಾದೀತು. ಆದುದರಿಂದ ಈ ಮೀನನ್ನು ಮಾರುವ ಆತುರ ಸಲ್ಲದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಎಣಿಕೆ. ಪ್ರತಿ ಯಾನದ ಡೀಸೆಲ್, ಮಂಜುಗಡ್ಡೆಗಳ ಲೆಕ್ಕದ ಜೊತೆಗೆ ಮೂರು ಅಂಕಣಗಳು ಸಾಕು: ಬಲೆಗೆ ಬಿದ್ದ ಪಫರ್ ಮೀನಿನ ಅಂದಾಜು ತೂಕ, ಕಚ್ಚಿ ಹಾಳಾದ ಬೊಂಡಾಸ್‌ನ ತೂಕ ಮತ್ತು ಇದರಿಂದಾದ ಬಲೆ ದುರಸ್ತಿಯ ವೆಚ್ಚ. ಲೆಕ್ಕಪತ್ರ ಮಾನದಂಡ 2 ಅಸಾಮಾನ್ಯ ಪ್ರಮಾಣದ ಹಾನಿಯನ್ನು ದಾಸ್ತಾನಿನ ವೆಚ್ಚದಲ್ಲಿ ಸೇರಿಸದೆ ಬೇರೆಯಾಗಿ ಕಾಣಬೇಕೆನ್ನುತ್ತದೆ. ಹಾನಿ ಸಾಮಾನ್ಯವೋ ಅಸಾಮಾನ್ಯವೋ ಎಂದು ನಿರ್ಣಯಿಸಲು ಅಂಕಿಗಳೇ ಇಲ್ಲದಿದ್ದರೆ ಯಾವ ಮಾನದಂಡವೂ ನೆರವಾಗದು. ಎರಡನೆಯದು, ಬೋಟಿನ ಮೇಲೆಯೇ ಈ ಮೀನನ್ನು ಬೇರ್ಪಡಿಸಿ, ಕತ್ತರಿಸಿದ ಸರಕಿನೊಡನೆ ಎಂದಿಗೂ ಬೆರೆಯದಂತೆ ನೋಡಿಕೊಳ್ಳುವುದು. ಮೂರನೆಯದು, ಹೀಗೆ ಸಂಗ್ರಹವಾದ ಅಂಕಿಗಳನ್ನು ಮುಂದಿಟ್ಟು ಬೋಟು ಮಾಲೀಕರು, ರಫ್ತುದಾರರು, ಮೀನುಗಾರಿಕಾ ಇಲಾಖೆ ಮತ್ತು ವಿಜ್ಞಾನಿಗಳು ಒಂದೆಡೆ ಕೂಡಿ ಮಾತಾಡುವಂತೆ ನಮ್ಮ ಸಂಸ್ಥೆ ಮುಂದಾಗುವುದು. ದೊಡ್ಡ ಮೀನುಗಳ ಮರಿಗಳನ್ನು ಉಳಿಸುವ ವಿಚಾರ ಆ ಸಭೆಯ ಮೊದಲ ವಿಷಯವಾಗಲಿ.

ರಾತ್ರಿಯೆಲ್ಲ ಬಲೆ ಎಳೆದು ದಣಿದವರಿಗೆ ಬರವಣಿಗೆಯ ಕೆಲಸ ಹೊರೆಯೆಂಬುದನ್ನು ಬಲ್ಲೆ. ಆದರೆ ಅಂಕಿಯಿಲ್ಲದ ಅಹವಾಲಿಗೆ ಕಚೇರಿಗಳಲ್ಲಿ ಬೆಲೆಯಿಲ್ಲ ಎಂಬುದನ್ನೂ ಮೂರು ದಶಕಗಳ ವೃತ್ತಿಜೀವನದಲ್ಲಿ ಕಂಡಿದ್ದೇನೆ. ಪಶ್ಚಿಮ ಕರಾವಳಿಯಲ್ಲಿ 2015ರಿಂದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಮೀನುಗಾರಿಕೆಗೆ ರಜೆ. ಬಲೆ ಹೊಲಿಯುವ ಆ ದಿನಗಳಲ್ಲೇ ಲೆಕ್ಕದ ಪುಸ್ತಕಕ್ಕೆ ಈ ಮೂರು ಗೆರೆಗಳನ್ನೂ ಎಳೆದಿಟ್ಟರೆ ಆಗಸ್ಟ್‌ನ ಮೊದಲ ಯಾನದಿಂದಲೇ ಎಣಿಕೆ ಆರಂಭಿಸಬಹುದು.