ಮನೆಮಾತಿನ ರಸಾಯನ: ಬ್ರೇಕ್ ಡಿಸ್ಕೂ ನನ್ನ ವರ್ನಿಯರೂ

ಕಳೆದ ಸಂಚಿಕೆಯಲ್ಲಿ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ವಿಚಾರ ಬರೆದಿದ್ದೆ. ಅದನ್ನು ಓದಿದ ಇಬ್ಬರು ಸೋದರಿಯರು ಫೋನು ಮಾಡಿ ಮೆಚ್ಚಿದರು. ಸಂಪಾದಕರು ಮಾತ್ರ "ಒಂದು ಸಲವಾದರೂ ಅಡುಗೆಮನೆ, ಬಚ್ಚಲುಮನೆ ಬಿಟ್ಟು ಹೊರಗೆ ಬನ್ನಿ" ಎಂದು ಚೀಟಿ ಕಳುಹಿಸಿದರು. ಹೊರಗೆ ಬರುವ ಪ್ರಸಂಗ ತಾನಾಗಿಯೇ ಒದಗಿತು. ಅದರಲ್ಲಿ ನನಗೆ ಹೆಮ್ಮೆಪಡುವಂಥದ್ದು ಏನೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹಮದ್ ಬಂದರು ನಮ್ಮಲ್ಲಿ ಹಲವರಿಗೆ ಅನ್ನ ಕೊಡುವ ಸ್ಥಳ. ದೋಹಾದ ದಕ್ಷಿಣಕ್ಕೆ, ಅಲ್ ವಕ್ರಾ ಮತ್ತು ಮೆಸಯೀದ್ ನಡುವೆ, ಉಮ್ ಅಲ್ ಹೌಲ್‌ನಲ್ಲಿರುವ ಈ ಬಂದರು 2016ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿತು. 2017ರ ಜೂನ್ 5ರಂದು ನೆರೆಯ ದೇಶಗಳು ದಿಗ್ಬಂಧನ ಹಾಕಿ ಜೆಬೆಲ್ ಅಲಿಯ ದಾರಿ ಮುಚ್ಚಿದಾಗ ಸೊಹಾರ್, ಸಲಾಲಾ, ನಮ್ಮ ಮುಂದ್ರಾ, ನ್ಹಾವಾ ಶೇವಾಗಳಿಂದ ಹಡಗುಗಳು ನೇರವಾಗಿ ಇಲ್ಲಿಗೇ ಬರತೊಡಗಿದವು. ಅದೇ ವರ್ಷ ಸೆಪ್ಟೆಂಬರ್ 5ರಂದು ವಿಧ್ಯುಕ್ತ ಉದ್ಘಾಟನೆಯೂ ಆಯಿತು. ಆ ದಿನಗಳಿಂದಲೂ ಬಂದರಿನಿಂದ ಸನಯ್ಯಕ್ಕೆ ಬಿಡಿ ಸರಕು ಸಾಗಿಸುತ್ತಿರುವ ಹಿರಿಯರೊಬ್ಬರು ನಮ್ಮ ನಡುವೆ ಇದ್ದಾರೆ. ಕುಂದಾಪುರದ ಕಡೆಯವರು. ಹೆಸರು ಬೇಡ, ಶೆಟ್ಟರು ಎನ್ನೋಣ. ಅವರ ಬಳಿ ಹತ್ತು ವರ್ಷ ಹಳೆಯ ಜಪಾನೀ ಪಿಕಪ್ ಒಂದಿದೆ. ಓಡಿಸುವವನು ಬೈಂದೂರಿನ ಹುಡುಗ. ಊರಿನಲ್ಲಿ ಹೆಂಡತಿ, ಎರಡು ವರ್ಷದ ಮಗು.

ಕಳೆದ ವರ್ಷ ಇಸ್ತಿಮಾರ ನವೀಕರಣಕ್ಕೆ ಮುಂಚೆ ಶೆಟ್ಟರು ನನ್ನನ್ನು ಕರೆದರು. "ಡಾಕ್ಟ್ರೇ, ಗ್ಯಾರೇಜಿನವ ಡಿಸ್ಕೂ ಪ್ಯಾಡೂ ಎರಡೂ ಬದ್ಲಿಸ್ಕ್ ಅಂತ. ಸುಳ್ಳಾ ಸತ್ಯವಾ ಕಾಣಿ." ನಾನು ರೋಗ ನೋಡುವ ಡಾಕ್ಟರಲ್ಲ, ಪಾಲಿಮರುಗಳ ಮೇಲೆ ಪ್ರಬಂಧ ಬರೆದವನು ಎಂದು ಎಷ್ಟು ಸಲ ಹೇಳಿದರೂ ಅವರು ಬಿಟ್ಟವರಲ್ಲ. ಪ್ರಯೋಗಶಾಲೆಯ ವರ್ನಿಯರನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಚಕ್ರ ಬಿಚ್ಚಿಸಿ ಡಿಸ್ಕಿನ ದಪ್ಪ ಅಳೆದೆ. 24.4 ಮಿಲಿಮೀಟರ್. ಡಿಸ್ಕಿನ ಮೇಲೆ ಕನಿಷ್ಠ ದಪ್ಪ 23 ಎಂದು ಅಚ್ಚೊತ್ತಿತ್ತು. ಹೊಸದರ ದಪ್ಪ 25. "ಡಿಸ್ಕು ಇನ್ನೂ ಓಡುತ್ತದೆ, ಪ್ಯಾಡು ಮಾತ್ರ ಹಾಕಿಸಿ" ಎಂದು ತೀರ್ಪು ಕೊಟ್ಟು, ಶೆಟ್ಟರ ಮನೆಯಲ್ಲಿ ನೀರುದೋಸೆ ತಿಂದು ಬಂದೆ. ಶೆಟ್ಟರು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಪ್ಯಾಡು ಕೊಂಡರು. ಪೆಟ್ಟಿಗೆಯ ಮೇಲೆ 'ಸೆರಾಮಿಕ್' ಎಂದು ದೊಡ್ಡ ಅಕ್ಷರ. ಫಾಹೆಸ್ ತಪಾಸಣೆಯಲ್ಲಿ ಗಾಡಿ ತೇರ್ಗಡೆಯಾಯಿತು.

ಈ ಆಗಸ್ಟಿನಲ್ಲಿ ಒಂದು ದಿನ ಹುಡುಗ ಬಂದರಿನಿಂದ ನೆಲಕ್ಕೆ ಹಾಸುವ ಟೈಲ್ಸ್ ತುಂಬಿಕೊಂಡು ಹೊರಟ. 2021ರ ಕಾನೂನಿನಂತೆ ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಹತ್ತರೊಳಗೆ ಸರಕು ಇಳಿಸಬೇಕಲ್ಲ, ಸ್ವಲ್ಪ ಅವಸರ. ಹೆದ್ದಾರಿಯಲ್ಲಿ ಟ್ರೇಲರುಗಳ ಸಾಲು ಸಿಕ್ಕಿ, ನೂರರ ವೇಗದಿಂದ ಮೂರು ನಾಲ್ಕು ಸಲ ಗಟ್ಟಿಯಾಗಿ ಬ್ರೇಕು ಒತ್ತಬೇಕಾಯಿತು. ಸನಯ್ಯದ ಸಿಗ್ನಲ್ ಬಳಿ ಬಂದಾಗ ಗಾಡಿ ನಿಲ್ಲಲೇ ಇಲ್ಲ. ಮುಂದೆ ಕೂಲಿಗಳನ್ನು ತುಂಬಿದ ಬಸ್ಸು ನಿಂತಿತ್ತು. ಹುಡುಗ ಬಲಕ್ಕೆ ತಿರುಗಿಸಿ ಮರಳಿನ ದಿಬ್ಬಕ್ಕೆ ನುಗ್ಗಿಸಿದ. ಒಂದಷ್ಟು ಟೈಲ್ಸು ಪುಡಿಯಾದವು. ಮನುಷ್ಯರಿಗೆ ಏನೂ ಆಗಲಿಲ್ಲ.

ಟೈಲ್ಸಿನ ನಷ್ಟವನ್ನು ಹುಡುಗನ ಸಂಬಳದಿಂದ ಹಿಡಿಯುವುದೆಂದು ಶೆಟ್ಟರು ನಿಶ್ಚಯಿಸಿದ್ದರು. ಅತಿವೇಗ ಎಂಬುದು ಅವರ ವಾದ. ನಾನು ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ. "ಒತ್ತಿದಾಗ ಪೆಡಲ್ ಕೆಳಗೆ ಹೋಯಿತೋ, ಗಟ್ಟಿ ನಿಂತಿತೋ?"

"ಗಟ್ಟಿಯೇ ಇತ್ತು ಸರ್. ಎದ್ದು ನಿಂತು ಒತ್ತಿದೆ. ಗಾಡಿ ಕೇಳ್ಲಿಲ್ಲ."

ಇದು ಗಾಡಿಯುಳ್ಳವರೆಲ್ಲ ಬಲ್ಲಿರಬೇಕಾದ ಭೇದ. ಪೆಡಲ್ ಮೆತ್ತಗಾಗಿ ನೆಲ ಮುಟ್ಟಿದರೆ ಬ್ರೇಕ್ ಎಣ್ಣೆ ಕುದಿದು ಆವಿಯಾಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಹೆಚ್ಚಾಗಿ ದೋಷ ಪ್ಯಾಡಿನದು ಮತ್ತು ಡಿಸ್ಕಿನದು. ಚಕ್ರ ಬಿಚ್ಚಿಸಿದೆ. ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿತ್ತು, ಅಂಚು ಬೂದಿಬಣ್ಣಕ್ಕೆ ತಿರುಗಿ ಉಗುರಿಗೇ ಉದುರುತ್ತಿತ್ತು. ಡಿಸ್ಕಿಗೆ ವರ್ನಿಯರ್ ಹಿಡಿದೆ. ಮತ್ತೆ ಅದೇ 24.4! ವರ್ಷವಿಡೀ ಸವೆದ ಕಬ್ಬಿಣ ಒಂದು ಕೂದಲೂ ತೆಳ್ಳಗಾಗದಿರುವುದು ಹೇಗೆ? ಗ್ಯಾರೇಜಿನ ಮುದುಕ ಮೇಸ್ತ್ರಿ ಏನೂ ಮಾತಾಡದೆ ಪೆಟ್ಟಿಗೆಯಿಂದ ಮೈಕ್ರೊಮೀಟರ್ ತೆಗೆದು ಕೈಗಿತ್ತ. ಅದು ತೋರಿಸಿದ್ದು 22.4.

ನಡೆದದ್ದಿಷ್ಟು. ಪ್ಯಾಡು ಡಿಸ್ಕಿನ ಅಂಚಿನವರೆಗೆ ಮುಟ್ಟುವುದಿಲ್ಲ. ಮುಟ್ಟುವ ಭಾಗ ಸವೆಯುತ್ತದೆ. ಹೊರ ಅಂಚು ಸವೆಯದೆ, ಸಾಲದ್ದಕ್ಕೆ ಬಂದರಿನ ಉಪ್ಪುಗಾಳಿಗೆ ತುಕ್ಕು ಕಟ್ಟಿ, ತಟ್ಟೆಯ ಕಂಠದಂತೆ ಎದ್ದು ನಿಲ್ಲುತ್ತದೆ. ವರ್ನಿಯರಿನ ಉದ್ದ ದವಡೆಗಳು ಎರಡೂ ಕಡೆಯ ಈ ಕಂಠವನ್ನೇ ಕಚ್ಚಿ ಹಿಡಿಯುತ್ತವೆ. ನಾನು ಅಳೆದದ್ದು ಕೆಲಸ ಮಾಡದ ಕಬ್ಬಿಣವನ್ನು. ಎರಡು ಕಡೆಯೂ ಚಿಕ್ಕ ಮೊನೆಯುಳ್ಳ ಮೈಕ್ರೊಮೀಟರನ್ನು ಕಂಠ ದಾಟಿಸಿ ಒಳಗೆ, ಸುತ್ತ ಆರೆಂಟು ಕಡೆ ಹಿಡಿದು ನೋಡಬೇಕು. ತಪಾಸಣೆಯ ರೋಲರಿನ ಮೇಲೆ ಪರೀಕ್ಷೆ ಕ್ಷಣಕಾಲದ್ದು, ಬ್ರೇಕು ತಣ್ಣಗಿರುತ್ತದೆ, ಗಾಡಿ ಖಾಲಿ. ಅಲ್ಲಿ ಈ ರೋಗ ಕಾಣಿಸಿಕೊಳ್ಳುವುದಿಲ್ಲ.

2.6 ಮಿಲಿಮೀಟರ್ ಅಷ್ಟೇನು ದೊಡ್ಡದು ಎನ್ನಬೇಡಿ. ಮುಂದಿನ ಡಿಸ್ಕು ಟೊಳ್ಳು. ನಡುವೆ ಗಾಳಿ ಹಾಯುವ ಸಂದು ಇರುತ್ತದೆ. ಅದು ಸುಮಾರು 9 ಮಿಲಿಮೀಟರ್ ಎಂದರೆ, 25ರಲ್ಲಿ ಕಬ್ಬಿಣ ಇರುವುದೇ 16. ಅದರಲ್ಲಿ 2.6 ಹೋಯಿತೆಂದರೆ ಆರರಲ್ಲೊಂದು ಪಾಲು ಹೋಯಿತು. ಬ್ರೇಕು ಎಂದರೆ ಓಟವನ್ನು ಶಾಖವಾಗಿ ಬದಲಿಸುವ ಉಪಕರಣವೇ ಹೊರತು ಬೇರೇನಲ್ಲ. ಆ ಶಾಖವನ್ನು ಮೊದಲು ನುಂಗಬೇಕಾದ್ದು ಈ ಕಬ್ಬಿಣ. ಲೆಕ್ಕ ಹಾಕಿ ನೋಡಿ: ಗಾಡಿ, ಸರಕು ಸೇರಿ 2,700 ಕಿಲೋ, ವೇಗ ಗಂಟೆಗೆ 100 ಕಿಲೋಮೀಟರ್. ನಿಲ್ಲಿಸಲು ಸುಮಾರು ಹತ್ತು ಲಕ್ಷ ಜೂಲ್ ಶಕ್ತಿಯನ್ನು ಕರಗಿಸಬೇಕು. ನಮ್ಮ ಬೇಸಿಗೆಯ ನಲ್ಲಿಯಲ್ಲಿ 40 ಡಿಗ್ರಿಯಲ್ಲಿ ಬರುವ ನಾಲ್ಕು ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಸಾಕು. ಇದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಎರಡು ಡಿಸ್ಕುಗಳಿಗೆ ಬಂತೆನ್ನೋಣ. ಒಂದೊಂದು ಡಿಸ್ಕು 8 ಕಿಲೋ ಇದ್ದರೆ ಒಂದು ಸಲ ನಿಲ್ಲಿಸಿದಾಗ ಸುಮಾರು ನೂರು ಡಿಗ್ರಿ ಏರುತ್ತದೆ. ಆರುವುದಕ್ಕೆ ಬಿಡದೆ ಮೂರು ಸಲ ಒತ್ತಿದರೆ ಮುನ್ನೂರು ದಾಟಿತು. ಎಲ್ಲದಕ್ಕೂ ಇಲ್ಲಿನ ಬಿಸಿಲನ್ನು ದೂರುವ ಮಿತ್ರರಿಗೆ ಒಂದು ಮಾತು: 45 ಡಿಗ್ರಿಯ ದೋಹಾಕ್ಕೂ 25 ಡಿಗ್ರಿಯ ಬೆಂಗಳೂರಿಗೂ ವ್ಯತ್ಯಾಸ ಇಪ್ಪತ್ತೇ ಡಿಗ್ರಿ. ಈ ಲೆಕ್ಕದಲ್ಲಿ ಅದು ಸಣ್ಣ ಬಾಬ್ತು. ಟೈಲ್ಸೂ ವೇಗವೂ ದೊಡ್ಡ ಬಾಬ್ತು. ವೇಗ 120 ಆದರೆ ಶಾಖ ಹೆಚ್ಚು ಕಡಿಮೆ ಒಂದೂವರೆ ಪಟ್ಟು.

ಇನ್ನು ಪ್ಯಾಡಿನ ವಿಚಾರ. ಇದು ನನ್ನ ಕಸುಬಿಗೆ ಹತ್ತಿರ, ಕ್ಷಮಿಸಿ, ಸ್ವಲ್ಪ ಉದ್ದವಾಗುತ್ತದೆ. ಪ್ಯಾಡೆಂಬುದು ಒಂದೇ ವಸ್ತುವಲ್ಲ, ಹತ್ತು ಹದಿನೈದು ಸಾಮಾನು ಹಾಕಿದ ಕೂಟು. ನಾರು, ಲೋಹದ ಪುಡಿ, ಗ್ರಾಫೈಟ್, ಹೊಟ್ಟೆಯ ಎಕ್ಸ್-ರೇಗೆ ಮುಂಚೆ ಕುಡಿಸುವ ಬೇರಿಯಂ ಸಲ್ಫೇಟ್ ಸಹ ಅದರಲ್ಲಿದೆ. ಇವನ್ನೆಲ್ಲ ಹಿಡಿದಿಡುವ ಅಂಟು ಫಿನಾಲಿಕ್ ರಾಳ. 1907ರಲ್ಲಿ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್, ಅಜ್ಜನ ಮನೆಯ ಕಪ್ಪು ಸ್ವಿಚ್ಚುಗಳಲ್ಲಿದ್ದದ್ದು, ಇದರ ಹತ್ತಿರದ ಬಂಧು. ಮುನ್ನೂರು ಡಿಗ್ರಿ ದಾಟಿದಂತೆ ಈ ರಾಳ ಒಡೆಯಲಾರಂಭಿಸಿ ಅನಿಲ ಬಿಡುತ್ತದೆ. ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿತೆಂದರೆ ಎಷ್ಟು ಒತ್ತಿದರೂ ಹಿಡಿತ ಸಿಗದು. ಹುಡುಗ ಎದ್ದು ನಿಂತು ಒತ್ತಿದ್ದು ಆ ಗಾಳಿಯ ಹಾಸಿಗೆಯ ಮೇಲೆ.

ನಮ್ಮ ಕರಾವಳಿಯವರು ತಿಳಿಯಬೇಕಾದ ಒಂದು ಸಂಗತಿಯಿದೆ. ಪ್ಯಾಡು ಕಿರುಚದಂತೆ, ಹಿಡಿತ ನಯವಾಗಿರುವಂತೆ ಮಾಡಲು ಅದರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತಯಾರಿಸಿದ ಪುಡಿ ಹಾಕುತ್ತಾರೆ. ಆ ಎಣ್ಣೆಯಲ್ಲಿನ ಕಾರ್ಡನಾಲ್ ಎಂಬ ಫಿನಾಲನ್ನು ಫಾರ್ಮಾಲ್ಡಿಹೈಡಿನೊಡನೆ ಗಟ್ಟಿಗೊಳಿಸಿ ಅರೆಯುತ್ತಾರೆ. ನನ್ನ ಚಿಕ್ಕಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಕೈಗೆ ಬೂದಿ ಹಚ್ಚಿಕೊಂಡು ಸಿಪ್ಪೆ ಒಡೆದರೂ ಬೆರಳ ತುದಿಯ ಚರ್ಮ ಸುಟ್ಟು ಕಪ್ಪಾಗಿರುತ್ತಿತ್ತು. ಹಬ್ಬದ ದಿನವೂ ಆ ಕಪ್ಪು ಹೋಗದು. ಆ ದಿನ ಗ್ಯಾರೇಜಿನಲ್ಲಿ ಸುಟ್ಟ ಪ್ಯಾಡನ್ನು ಮೂಗಿನ ಬಳಿ ಹಿಡಿದಾಗ ನನಗೆ ನೆನಪಾದದ್ದು ಅವರ ಸೀರೆಯ ಸೆರಗಿನ ವಾಸನೆ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಸಾವಯವ ಪ್ಯಾಡು ಮೃದು, ಸದ್ದಿಲ್ಲದ್ದು, ಪೇಟೆಯ ಸಣ್ಣ ಕಾರಿಗೆ ಸಾಕು. ಸೆರಾಮಿಕ್ ಪ್ಯಾಡಿನಲ್ಲಿ ("ಟೈಲ್ಸಿಂದೇ ಮಾಡುದಾ ಮಾರಾಯ್ರೆ?" ಎಂದು ಶೆಟ್ಟರು ಕೇಳಿದರು) ಸೆರಾಮಿಕ್ ನಾರು ಇರುತ್ತದೆ, ಚಕ್ರಕ್ಕೆ ಕಪ್ಪು ಧೂಳು ಮೆತ್ತುವುದು ಕಡಿಮೆ, ಡಿಸ್ಕು ಸವೆಯುವುದೂ ಕಡಿಮೆ. ಮೂರನೆಯದು ಸೆಮಿ-ಮೆಟಾಲಿಕ್, ಉಕ್ಕಿನ ನಾರು ಮತ್ತು ಕಬ್ಬಿಣದ ಪುಡಿ ಧಾರಾಳವಾಗಿರುವಂಥದು. ಸದ್ದು ಮಾಡುತ್ತದೆ, ಡಿಸ್ಕನ್ನು ತಿನ್ನುತ್ತದೆ, ಆದರೆ ಬಿಸಿಯಲ್ಲಿ ಕೈಬಿಡುವುದು ಕಡಿಮೆ. ಟೈಲ್ಸು ಹೊರುವ ಪಿಕಪ್ಪಿಗೆ ನಾನು ಆರಿಸುವುದು ಇದನ್ನು, ಇಲ್ಲವೇ ಗಾಡಿಯ ಕಂಪನಿಯೇ ಆ ಮಾದರಿಗೆ ಕೊಡುವ ಪ್ಯಾಡನ್ನು. ಡಿಸ್ಕು ಬೇಗ ಸವೆದರೆ ಸವೆಯಲಿ.

ಪೆಟ್ಟಿಗೆಯ ಮೇಲಿನ ಮಾತಿಗಿಂತ ಪ್ಯಾಡಿನ ಅಂಚು ನೋಡಿ. ಅಮೆರಿಕದ ಪದ್ಧತಿಯಂತೆ ಅಲ್ಲಿ ಸಾಲಾಗಿ ಅಚ್ಚಾದ ಅಂಕಿ ಅಕ್ಷರಗಳ ಕೊನೆಯಲ್ಲಿ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಈ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಪಿಕಪ್ಪಿಗೆ ಎಫ್‌ಎಫ್ ಒಳ್ಳೆಯದು. ಜಿಎಫ್, ಎಫ್‌ಈ ಎಂದಿದ್ದರೆ ಬಿಸಿಯಲ್ಲಿ ಹಿಡಿತ ಕುಸಿಯುತ್ತದೆಂದು ಅದೇ ಒಪ್ಪಿಕೊಂಡಂತೆ. ಈ ಅಕ್ಷರಗಳು ಎಲ್ಲವನ್ನೂ ಹೇಳುವುದಿಲ್ಲ, ಎಷ್ಟು ಕಾಲ ಬಾಳುತ್ತದೆಂಬುದನ್ನಂತೂ ಹೇಳುವುದೇ ಇಲ್ಲ. ಯೂರೋಪಿನ ಪ್ಯಾಡಾದರೆ ವರ್ತುಲದೊಳಗೆ ಈ ಅಕ್ಷರ ಮತ್ತು 90ಆರ್ ಎಂಬ ಗುರುತು ಇರುತ್ತದೆ. ಶೆಟ್ಟರು ಕೊಂಡ ಪ್ಯಾಡಿನ ಅಂಚಿನಲ್ಲಿ ಎರಡೂ ಇರಲಿಲ್ಲ, ಬೋಳು. ಕೊಳ್ಳುವ ಮುಂಚೆ ಪೆಟ್ಟಿಗೆ ಬಿಚ್ಚಿ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ನಾನೂ ನೋಡಲಿಲ್ಲ, ದೋಸೆ ತಿನ್ನುತ್ತಿದ್ದೆ.

ಡಿಸ್ಕು ಆರಿಸುವುದು ಸುಲಭ. ತೂತು ಕೊರೆದವು, ಗೀರು ಕೊಯ್ದವು ಎಂದು ಚಂದದ ಡಿಸ್ಕುಗಳು ತೂಗುಹಾಕಿರುತ್ತಾರೆ. ತೂತಿನ ಸುತ್ತ ಬಿರುಕು ಬಿಡುವ ಸಂಭವವುಂಟು. ಭಾರದ ಗಾಡಿಗೆ ಬೇಡ. ಸಾದಾ ಟೊಳ್ಳು ಡಿಸ್ಕು ಸಾಕು, ಆದರೆ ಹಬ್ಬಿಗೂ ಅಂಚಿಗೂ ತುಕ್ಕುನಿರೋಧಕ ಬೂದುಬಣ್ಣದ ಲೇಪವಿರುವುದನ್ನು ತೆಗೆದುಕೊಳ್ಳಿ. ಬಂದರಿನ ಉಪ್ಪುಗಾಳಿಗೆ ಅದು ಅಗತ್ಯ. ಮೆಸಯೀದ್ ಕಡೆಯ ಮರಳು ಸ್ಫಟಿಕ ಶಿಲೆಯ ಮರಳು, ಎರಕದ ಕಬ್ಬಿಣಕ್ಕಿಂತ ಗಡಸು. ಕಣ ಪ್ಯಾಡಿನಲ್ಲಿ ಹೂತುಕೊಂಡರೆ ಡಿಸ್ಕಿನ ಮೇಲೆ ಉಳುಮೆ ಮಾಡುತ್ತದೆ. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯ ಡಿಸ್ಕನ್ನು ಲೇತಿಗೆ ಹಾಕಿಸುವುದಿದ್ದರೆ ಕಡೆದ ಮೇಲೂ ಕನಿಷ್ಠಕ್ಕಿಂತ ಹೆಚ್ಚು ದಪ್ಪ ಉಳಿಯಬೇಕು. ಹಿಂದಿನ ಡ್ರಮ್ಮುಗಳನ್ನೂ ಬಿಚ್ಚಿಸಿ ನೋಡಿ. ಹಲವು ಪಿಕಪ್ಪುಗಳಲ್ಲಿ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ಕವಾಟವೊಂದು ಹಿಂದಿನ ಆಕ್ಸಲಿನ ಬಳಿ ಇರುತ್ತದೆ. ಅದು ತುಕ್ಕು ಹಿಡಿದು ಸ್ತಬ್ಧವಾಗಿದ್ದರೆ ದುಡಿಮೆಯೆಲ್ಲ ಮುಂದಿನವುಗಳ ತಲೆಗೇ.

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು, ತೇವ ಹೀರಿದ ಮೇಲೆ 155 ಇದ್ದರೂ ಸಾಕು ಎನ್ನುತ್ತದೆ ಪ್ರಮಾಣ. ಸೆಪ್ಟೆಂಬರಿನ ನಮ್ಮ ಬೆವರುಗಾಳಿಯನ್ನು ನೆನೆದರೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಹಳೆಯ ಪ್ಯಾಡಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಎಲ್ಲಿಂದ ಬಂದ ಪ್ಯಾಡೋ, ಕಲ್ನಾರು ಇದ್ದರೂ ಇದ್ದೀತು.

ಶೆಟ್ಟರ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಹುಡುಗನ ವೇಗ ಕಾನೂನಿನ ಮಿತಿಯೊಳಗೇ ಇತ್ತು. ಮಿತಿ ಮೀರಿ ಸವೆದದ್ದು ಡಿಸ್ಕು, ಅದನ್ನು ಓಡುತ್ತದೆ ಎಂದವನು ನಾನು. ಟೈಲ್ಸಿನ ಹಣದಲ್ಲಿ ಅರ್ಧ ನನ್ನದು ಎಂದೆ. ಶೆಟ್ಟರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ವರ್ನಿಯರ್ ಮಾರಿ ಡಾಕ್ಟ್ರೇ, ಎಷ್ಟ್ ಬತ್ತ್ ಕಾಂಬ" ಎಂದರು. ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ. ಆ ತಿಂಗಳ ಸಂಬಳ ಪೂರ್ತಿ ಬಂತೆಂದು ಹುಡುಗ ಆಮೇಲೆ ಹೇಳಿದ.

ಹೊಸ ಡಿಸ್ಕು ಕೂರಿಸುವ ಮುನ್ನ ಮೇಸ್ತ್ರಿ ಹಬ್ಬಿನ ಮುಖದ ತುಕ್ಕನ್ನು ಉಜ್ಜಿ ತೆಗೆದ, ಕ್ಯಾಲಿಪರಿನ ಪಿನ್ನುಗಳಿಗೆ ಗ್ರೀಸು ಹಚ್ಚಿದ, ನಟ್ಟುಗಳನ್ನು ಎದುರುಬದುರಾಗಿ ಬಿಗಿದ. ಮರುದಿನ ಶುಕ್ರವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ನಾನೂ ಹುಡುಗನೂ ಹೊರಟು, 60ರಿಂದ 10ಕ್ಕೆ ಹತ್ತು ಸಲ ಹದವಾಗಿ ಇಳಿಸಿದೆವು, ಪೂರ್ತಿ ನಿಲ್ಲಿಸದೆ. ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಬಿಸಿಯಿರುವಾಗ ಒತ್ತಿ ನಿಂತುಬಿಟ್ಟರೆ ಒಂದೇ ಕಡೆ ಮೆತ್ತಿಕೊಂಡು ಮುಂದೆ ಸ್ಟೀರಿಂಗ್ ನಡುಗುತ್ತದೆ. ಆಮೇಲೆ ಹತ್ತು ನಿಮಿಷ ಬ್ರೇಕು ಮುಟ್ಟದೆ ಓಡಿಸಿ ಆರಿಸಿದೆವು. ಹಿಂತಿರುಗಿದ ಮೇಲೆ ಹುಡುಗ ನನ್ನ ಪೆನ್ನು ಕೇಳಿ ಪಡೆದು, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಟೈಲ್ಸಿನ ರಸೀದಿಯ ಬೆನ್ನಿಗೆ ದಿನಾಂಕ, ಕಿಲೋಮೀಟರು ಬರೆದು, ಕೆಳಗೆ "25.0, ಮೈಕ್ರೊಮೀಟರ್‌ನಲ್ಲಿ" ಎಂದು ಬರೆದ.