ಮೊಟ್ಟೆಯೊಳಗಿನ ಹಾನಿಗೆ ಯಾರು ಹೊಣೆ?

ಸಮುದ್ರದಲ್ಲಿ ತೈಲ ಸೋರಿದಾಗಲೆಲ್ಲ ನಮಗೆ ಎರಡು ಲೆಕ್ಕ ಸಿಗುತ್ತವೆ: ಎಷ್ಟು ಟನ್ ಸೋರಿತು, ಎಷ್ಟನ್ನು ಬಳಿದು ತೆಗೆಯಲಾಯಿತು. ಎರಡೂ ತಾಳೆಯಾದರೆ ಕಡತ ಮುಚ್ಚುತ್ತದೆ. ಬದುಕುಳಿದ ಮೀನಿನ ಜೀವಕೋಶದೊಳಗೆ ಉಳಿದ ಹಾನಿಗೆ ಆ ಕಡತದಲ್ಲಿ ಕಾಲಂ ಇಲ್ಲ.

ಆ ಹಾನಿ ಊಹೆಯಲ್ಲ. ಕಚ್ಚಾ ತೈಲದಲ್ಲಿ ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೆಂಬ ಸಂಯುಕ್ತಗಳಿವೆ. ಮೀನಿನ ಯಕೃತ್ತು ಅವನ್ನು ಹೊರಹಾಕಲೆಂದೇ ರೂಪಾಂತರಿಸುತ್ತದೆ. ಆ ಪ್ರಯತ್ನದಲ್ಲಿ ಹುಟ್ಟುವ ಕೆಲವು ಪದಾರ್ಥಗಳೇ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ವರ್ಣತಂತುಗಳು ತುಂಡಾಗುತ್ತವೆ. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿಲ್ಲ, ಮೀನಿನವುಗಳಲ್ಲಿ ಇದೆ. ಆದುದರಿಂದ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮುಖ್ಯ ಕೇಂದ್ರದ ಪಕ್ಕದಲ್ಲಿ ಪುಟ್ಟ ಕೇಂದ್ರಗಳಾಗಿ ನಿಂತ ಆ ತುಂಡುಗಳನ್ನು ಎಣಿಸಬಹುದು.

1989ರ ಮಾರ್ಚ್ 24ರಂದು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ನೀರಡಿಯ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿತು. ಹೆರಿಂಗ್ ಮೀನುಗಳು ಮೊಟ್ಟೆಯಿಡಲು ಕೆಲವೇ ವಾರಗಳಿದ್ದವು. ತೈಲ ತಾಗಿದ ದಡಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ವಿಜ್ಞಾನಿಗಳು ಅಂಗವಿಕಾರಗಳನ್ನೂ ವರ್ಣತಂತುಗಳ ಹಾನಿಯನ್ನೂ ಕಂಡರು. 1991ರಲ್ಲಿ ಕಂಪನಿ ಸರ್ಕಾರಗಳೊಡನೆ 90 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. 1993ರಲ್ಲಿ ಅಲ್ಲಿನ ಹೆರಿಂಗ್ ಸಂತತಿ ಕುಸಿಯಿತು. ಇದಕ್ಕೆ ತೈಲವೆಷ್ಟು ಕಾರಣ, ರೋಗವೆಷ್ಟು ಕಾರಣ ಎಂಬ ವಾದ ಇನ್ನೂ ಮುಗಿದಿಲ್ಲ. ಅದು ಮುಗಿಯದಿರುವುದು ಯಾರಿಗೆ ಲಾಭವೆಂದು ಹೇಳಬೇಕಿಲ್ಲ.

ಆ ರಾಜಿಯಲ್ಲಿ ಒಂದು ವಿವೇಕವಿತ್ತು. ಮುಂದೆ ಅನಿರೀಕ್ಷಿತ ಹಾನಿ ಕಂಡುಬಂದರೆ ಇನ್ನೂ 10 ಕೋಟಿ ಡಾಲರ್‌ವರೆಗೆ ಕೇಳಬಹುದೆಂಬ ಷರತ್ತು ಅದು. ಲೆಕ್ಕಪರಿಶೋಧಕರ ಭಾಷೆಯಲ್ಲಿ ಸಂಭಾವ್ಯ ಹೊಣೆ. 2006ರಲ್ಲಿ ಸರ್ಕಾರಗಳು 9.2 ಕೋಟಿ ಕೇಳಿದವು. 2015ರಲ್ಲಿ ಕೈಬಿಟ್ಟವು.

ಭಾರತವೂ ಸೇರಿರುವ 1992ರ ಅಂತರರಾಷ್ಟ್ರೀಯ ಒಪ್ಪಂದದಂತೆ, ತೈಲವಾಹಕ ಹಡಗಿನಿಂದಾದ ಹಾನಿಗೆ 3 ವರ್ಷದೊಳಗೆ ದಾವೆ ಹೂಡಬೇಕು. ಘಟನೆಯಿಂದ 6 ವರ್ಷ ಕಳೆದರೆ ಹಕ್ಕೇ ಇಲ್ಲ. ಕೆಟ್ಟ ವಂಶವಾಹಿ ಈ ವಾಯಿದೆಯನ್ನು ಅರಿಯದು. 2010ರಲ್ಲಿ ಮುಂಬಯಿ, 2017ರಲ್ಲಿ ಚೆನ್ನೈ ಬಳಿಯ ಎಣ್ಣೂರು, 2023ರಲ್ಲಿ ಮತ್ತೆ ಎಣ್ಣೂರಿನ ಅಳಿವೆ. ಬಕೆಟ್ಟುಗಳಲ್ಲಿ ತೈಲ ಮೊಗೆಯುವ ಚಿತ್ರಗಳು ನೆನಪಿವೆ. ಆ ನೀರಿನ ಮೀನುಗಳ ಮರಿಗಳನ್ನು ಕೇಳಿದವರೆಷ್ಟು?

ಮೀನು ತಿನ್ನದ ನಮಗೆ ಇದು ಪರರ ಸಂಗತಿಯೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಶಾಸ್ತ್ರಗಳು ಮೀನನ್ನು ಪಂಚೇಂದ್ರಿಯ ಜೀವವೆಂದು ಎಣಿಸಿವೆ, ಮತ್ತು ತೈಲ ಕಂಪನಿಗಳ ಶೇರು ನಮ್ಮ ಎಷ್ಟೋ ಮನೆಗಳಲ್ಲಿದೆ. ಗಾಳ ಹಾಕದವನು ಲಾಭಾಂಶ ಪಡೆಯುತ್ತಾನೆ.

ಪ್ರತಿ ಸೋರಿಕೆಯ ಪರಿಹಾರದಲ್ಲಿ ಒಂದು ಪಾಲನ್ನು ಕನಿಷ್ಠ 10 ವರ್ಷ ಮೀನಿನ ರಕ್ತ ಮತ್ತು ಮೊಟ್ಟೆಗಳ ತಪಾಸಣೆಗೆಂದು ಠೇವಣಿಯಿಡಬೇಕು, ವರದಿ ಪ್ರತಿ ವರ್ಷ ಬಹಿರಂಗವಾಗಬೇಕು. ಶೇರುದಾರರಾದ ಓದುಗರು ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಈ ಹೊಣೆಯನ್ನು ಕಂಪನಿ ತನ್ನ ಲೆಕ್ಕಪತ್ರದ ಯಾವ ಪುಟದಲ್ಲಿ ತೋರಿಸಿದೆ ಎಂದು ಕೇಳಲಿ.